ಕಾರಿಗೆ ಕಣ್ಣಿದೆ ಎಂದು ಅತ್ತೆಗೆ ಹೇಳಬಾರದಿತ್ತು

ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ, ಬೀರೂರು ದಾಟಿ ತರೀಕೆರೆಯ ಕಡೆ ಹೊರಟಿದ್ದ ನಮ್ಮ ಹೊಸ ಕಾರು, ಮುಂದೆ ಒಂದು ನರಪಿಳ್ಳೆಯೂ ಇಲ್ಲದ ಹೆದ್ದಾರಿಯಲ್ಲಿ ತನ್ನಷ್ಟಕ್ಕೆ ತಾನೇ ಗಕ್ಕನೆ ನಿಂತುಬಿಟ್ಟಿತು. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವಿದೆ. ಆ ಕ್ಷಣದಲ್ಲಿ ನಾನು ಹಿಂದಿನ ಸೀಟಿನಿಂದ ಕತ್ತು ಚಾಚಿ, ಕಾರಿನ ಗಡಿಯಾರದ ಅಂಕಿಗಳ ನೀಲಿ ಬಣ್ಣ ಎಷ್ಟು ಚೆಂದ ಎಂದು ಮೆಚ್ಚಿಕೊಳ್ಳುತ್ತಿದ್ದೆ. ಪ್ರೀತಿಗೆ ಬಿದ್ದವರಿಗೆ ಇಂಥ ವಿಷಯವೆಲ್ಲ ಕಾಣುತ್ತದೆ, ಹಿಂದೆ ಬರುತ್ತಿರುವ ಲಾರಿ ಕಾಣುವುದಿಲ್ಲ. ನಾನು ಹಣೆ ಉಜ್ಜಿಕೊಳ್ಳುತ್ತ ತಿರುಗಿ ನೋಡಿದಾಗ ಹಿಂದಿನ ಗಾಜಿನ ತುಂಬ ಲಾರಿಯೇ ಲಾರಿ. ಅದರ ಮುಂದೆ ಕಟ್ಟಿದ್ದ ನಿಂಬೆಹಣ್ಣು, ಮೆಣಸಿನಕಾಯಿ ತೂಗಾಡುತ್ತಿದ್ದದ್ದು ಎಷ್ಟು ಹತ್ತಿರದಲ್ಲಿತ್ತೆಂದರೆ ಅದು ನಮ್ಮ ಕಾರಿನದೇ ಅಲಂಕಾರವೆಂದು ಯಾರಾದರೂ ತಿಳಿಯಬಹುದಿತ್ತು. ಈಗಲೂ ಕಣ್ಣು ಮುಚ್ಚಿದರೆ ಆ ಮೆಣಸಿನಕಾಯಿಗಳು ಒಂದೊಂದಾಗಿ ಕಾಣುತ್ತವೆ. ಎಲ್ಲವೂ ಹಸಿರು, ಒಂದು ಮಾತ್ರ ಕೆಂಪು.

ನಾನು ಕಡೂರಿನ ಪಿಯು ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವಳು. ಗಿರಾಕಿ ಲಾಭ ನಷ್ಟ ತೂಗಿ ನೋಡಿಯೇ ವಸ್ತು ಕೊಳ್ಳುತ್ತಾನೆ ಎಂದು ಪ್ರತಿ ವರ್ಷವೂ ಮಕ್ಕಳಿಗೆ ಪಾಠ ಮಾಡುತ್ತೇನೆ. ಅಂಥವಳು ಒಂದು ಮದುವೆಮನೆಯ ಮುಂದೆ ವೆಲೋರಾ ಎಂಬ ಕಂಪನಿಯ ಕಾರಿನ ಬಾಗಿಲು ಮುಚ್ಚಿಕೊಂಡ ಸದ್ದಿಗೆ ಮನಸೋತೆ. ನಮ್ಮ ಹಳೇ ಕಾರಿನ ಬಾಗಿಲು ತಗಡಿನ ಡಬ್ಬಿ ಬಿದ್ದಂತೆ ಸದ್ದು ಮಾಡುತ್ತಿತ್ತು. ಇದು ಅಕ್ಕಿ ತುಂಬಿದ ಮೂಟೆಯನ್ನು ಮೆಲ್ಲನೆ ಇಳಿಸಿದಂತೆ ‘ದಪ್’ ಎಂದಿತು. ಮದುವೆಯೂಟಕ್ಕೆ ಹೋಗುವುದು ಬಿಟ್ಟು, ಯಾರಾದರೂ ಇನ್ನೊಮ್ಮೆ ಬಾಗಿಲು ತೆಗೆದು ಮುಚ್ಚುತ್ತಾರೇನೋ ಎಂದು ಅಲ್ಲೇ ಸುಳಿದಾಡಿದೆ. ಅದರ ಮೂತಿಯ ಮೇಲೆ ಬೆಳ್ಳಿಯ ಎರಡು ರೆಕ್ಕೆಯ ಬಿಲ್ಲೆ. ಅಂದಿನಿಂದ ಬಸ್ಸಿನಲ್ಲಿ ಹೋಗುವಾಗೆಲ್ಲ ಎದುರಿಗೆ ಬರುವ ಕಾರುಗಳಲ್ಲಿ ರೆಕ್ಕೆ ಹುಡುಕುವುದೇ ನನ್ನ ಕೆಲಸವಾಯಿತು.

ನಮ್ಮ ಯಜಮಾನರು ಬೋರ್‌ವೆಲ್ ಮೋಟಾರು, ಪೈಪುಗಳ ಅಂಗಡಿ ಇಟ್ಟವರು. ಲೋಕದಲ್ಲಿ ಯಾವ ಯಂತ್ರ ಕಂಡರೂ ಅವರು ಕೇಳುವುದು ಒಂದೇ, ಸ್ಪೇರ್ ಕಡೂರಲ್ಲಿ ಸಿಗತ್ತಾ? ವೆಲೋರಾದ ಸ್ಪೇರ್ ಹಾಗಿರಲಿ, ಅದನ್ನು ನೋಡಬೇಕೆಂದರೂ ಶಿವಮೊಗ್ಗಕ್ಕೆ ಹೋಗಬೇಕಿತ್ತು. ಎಲ್ಲರೂ ಕೊಳ್ಳುವ ಕಾರನ್ನೇ ಕೊಳ್ಳೋಣ ಎಂದು ಅವರು ಹೇಳುತ್ತ ಹೋದರು, ನಾನು ಮೌನವಾಗಿ ನಿಟ್ಟುಸಿರು ಬಿಡುತ್ತ ಹೋದೆ. ಕೊನೆಗೆ ನಿಟ್ಟುಸಿರೇ ಗೆದ್ದಿತು. ಅತ್ತೆ ಮಾತ್ರ ಒಂದು ಷರತ್ತು ಹಾಕಿದರು. ತಗೊಳ್ಳಿ, ಆದರೆ ವಾಹನ ಅಂದಮೇಲೆ ಮನೆಗೆ ಆಗಿಬರಬೇಕು, ಆಗಿಬರದಿದ್ದರೆ ಒಂದು ದಿನವೂ ಅಂಗಳದಲ್ಲಿ ನಿಲ್ಲಕೂಡದು. ಹಿಂದೊಮ್ಮೆ ಆಗಿಬರದ ಎಮ್ಮೆಯೊಂದನ್ನು ಅವರು ಕರು ಸಮೇತ ವಾಪಸು ಅಟ್ಟಿದ್ದರು. ಹಾಗಾಗಿ ಅದು ಬಾಯಿಮಾತಲ್ಲ ಎಂದು ನನಗೆ ಗೊತ್ತಿತ್ತು.

ಕಾರು ಮನೆಗೆ ಬಂದ ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಷೋರೂಮಿನವರು ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಆರತಿ ತಟ್ಟೆ ಹಿಡಿದು ನಿಂತಿದ್ದ ಅತ್ತೆಗೆ, ‘ಇದಕ್ಕೆ ಕಣ್ಣಿದೆ ಅತ್ತೆ, ಎದುರಿಗೆ ಏನಾದ್ರೂ ಬಂದ್ರೆ ಅದೇ ನೋಡ್ಕೊಂಡು ಅದೇ ಬ್ರೇಕ್ ಹಾಕ್ಕೊಳ್ಳುತ್ತೆ’ ಎಂದೆ. ಎಲ್ಲಿದೆ ಕಣ್ಣು ಎಂದರು. ರೆಕ್ಕೆಯ ಬಿಲ್ಲೆಯ ಹಿಂದೆ ಎಂದು ಬೆರಳಿಟ್ಟು ತೋರಿಸಿದೆ. ‘ಅಷ್ಟು ಸೂಕ್ಷ್ಮನಾ, ಹಂಗಾರೆ ಮೊದ್ಲು ಅಲ್ಲಿಗೇ ಆಗ್ಬೇಕು ಕಣವ್ವ’ ಎಂದು, ಆ ಬಿಲ್ಲೆಗೆ ಮೂರು ಬೆರಳಿನ ವಿಭೂತಿ ಎಳೆದು, ಅದರ ಮೇಲೆ ಸೇವಂತಿಗೆಯ ದಪ್ಪ ಹಾರ ಕಟ್ಟಿದರು. ಹಾರದ ನಡುನಡುವೆ ಮಿರಮಿರ ಮಿನುಗುವ ಬೆಳ್ಳಿಜರಿ. ಮನೆದೇವರಿಗೆ ಹೋಗಿಬರುವವರೆಗೂ ಯಾರೂ ಬಿಚ್ಚಬಾರದು ಎಂದು ಅಪ್ಪಣೆಯೂ ಆಯಿತು. ರೆಕ್ಕೆ ಕಾಣುವುದಿಲ್ಲವಲ್ಲ ಎಂಬ ಒಂದು ಬೇಸರ ಬಿಟ್ಟರೆ ನನಗೂ ಅದು ಚೆನ್ನಾಗಿಯೇ ಕಂಡಿತು.

ತರೀಕೆರೆಯಲ್ಲಿರುವ ನನ್ನ ತವರಿಗೆ ಕಾರು ತೋರಿಸಲು ಹೊರಟಾಗಲೇ ಆ ಹನ್ನೊಂದು ಇಪ್ಪತ್ತು ಸಂಭವಿಸಿದ್ದು. ಲಾರಿಯ ಚಾಲಕ ಕೆಳಗಿಳಿದು ಬಂದ. ಲಾರಿಯ ತುಂಬ ತೆಂಗಿನಕಾಯಿ. ‘ಏನಣ್ಣಾ, ಈ ಲೋಡೆಲ್ಲ ಇಲ್ಲೇ ಈಡುಗಾಯಿ ಹಾಕ್ಸನಾ ಅಂತಿದ್ಯಾ?’ ಎಂದು ಕೇಳಿ, ಉತ್ತರಕ್ಕೂ ಕಾಯದೆ ರಸ್ತೆಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತುಬಿಟ್ಟ. ನಮ್ಮ ಯಜಮಾನರು ಸ್ಟೀರಿಂಗ್ ಬಿಟ್ಟಿರಲಿಲ್ಲ. ‘ನಾನು ಬ್ರೇಕೇ ಒತ್ತಿಲ್ಲ ಕಣೇ’ ಎಂದರು. ಆಗ ನಾನೇನು ಹೇಳಬೇಕಿತ್ತು? ಏಟಾಯ್ತೇನ್ರೀ ಎಂದು ಕೇಳಬೇಕಿತ್ತು. ಬದಲಿಗೆ, ‘ವೆಲೋರಾ ಸುಮ್ಮಸುಮ್ಮನೆ ನಿಲ್ಲಲ್ಲ ರೀ’ ಎಂದೆ.

ಹದಿನೆಂಟು ವರ್ಷ ಸಂಸಾರ ಮಾಡಿದ ಗಂಡನ ಮಾತಿಗಿಂತ ಹದಿನೆಂಟು ದಿನದ ಕಾರಿನ ಮೇಲೆ ಹೆಚ್ಚು ನಂಬಿಕೆ ಇಟ್ಟ ಹೆಂಗಸು ನಾನು. ಅವರು ಅದಕ್ಕೆ ಜಗಳವಾಡಲಿಲ್ಲ. ಊರಿಗೆ ಮರಳಿದ ಮೇಲೆ ಕೀ ತಂದು ನನ್ನ ಮುಂದಿಟ್ಟು, ‘ನೀನೇ ಓಡಿಸ್ಕೋ, ಅದು ನಿನ್ನ ಮಾತು ಕೇಳುತ್ತೆ’ ಎಂದರು, ಅಷ್ಟೇ. ಅತ್ತೆ ಇನ್ನೂ ಕಡಿಮೆ ಮಾತಾಡಿದರು. ಇನ್ನೊಂದು ಸಲ ಹಿಂಗಾದರೆ ಆಗಿಬರಲಿಲ್ಲ ಅಂತಲೇ ಲೆಕ್ಕ ಎಂದರು. ನನಗೆ ಆ ಎಮ್ಮೆಯ ಕರು ತಿರುತಿರುಗಿ ನೋಡುತ್ತ ಹೋದದ್ದು ನೆನಪಾಯಿತು. ರಾತ್ರಿ ನಿದ್ದೆ ಹತ್ತುತ್ತಿದ್ದಂತೆ ಮೆಣಸಿನಕಾಯಿ ಬಂದು ತೂಗುತ್ತಿತ್ತು. ನಾನು ಹೆದರಿ ಕಾಲು ಝಾಡಿಸಿದರೆ ಪಕ್ಕದಲ್ಲಿ ಮಲಗಿದವರಿಗೆ ಒದೆ ಬೀಳುತ್ತಿತ್ತು. ಅವರಿಗೂ ನಿದ್ದೆ ಇರಲಿಲ್ಲ. ‘ಈಗಲೂ ನಾನೇ ಒತ್ತಿದ್ನಾ?’ ಎಂದು ಕತ್ತಲಲ್ಲೇ ಕೇಳುತ್ತಿದ್ದರು.

ಷೋರೂಮಿಗೆ ಫೋನು ಮಾಡಿದೆ. ಅವರು ಬಹಳ ಮರ್ಯಾದೆಯಿಂದ, ಮೇಡಂ, ಕಾರಿನ ಮುಂಭಾಗಕ್ಕೆ ಏನಾದರೂ ಅಡ್ಡ ಇಟ್ಟಿದ್ದೀರಾ, ಸ್ಟಿಕರು, ಕವರು, ಬೋರ್ಡು ಎಂದು ಕೇಳಿದರು. ನಾನು ಕಿಟಕಿಯಿಂದ ಕಾರನ್ನು ನೋಡಿಕೊಂಡೇ, ಖಂಡಿತ ಏನೂ ಇಲ್ಲ ಸಾರ್ ಎಂದೆ. ಸುಳ್ಳು ಹೇಳಲಿಲ್ಲ. ಹಾರ ನನ್ನ ಕಣ್ಣಿಗೆ ಕಾಣುತ್ತಲೇ ಇತ್ತು. ಆದರೆ ದೇವರ ಹೆಸರಲ್ಲಿ ಏರಿಸಿದ್ದನ್ನು ಅಡ್ಡ ಎಂದು ಎಣಿಸುವುದು ನಮ್ಮ ಮನೆಯಲ್ಲಿ ಯಾರ ತಲೆಗೂ ಹೊಳೆಯುವ ಸಂಗತಿಯಲ್ಲ. ಹಾಗಾದರೆ ತಂದು ತೋರಿಸಿ ಎಂದರು. ಆ ಹೆದ್ದಾರಿಯಲ್ಲಿ ಶಿವಮೊಗ್ಗದವರೆಗೆ ಕಾರು ತೆಗೆದುಕೊಂಡು ಹೋಗುವ ಗಂಡೆದೆ ಯಾರಿಗಿತ್ತು? ಅತ್ತೆ ಅಮಾವಾಸ್ಯೆಯ ದಿನ ಇನ್ನೊಂದು ಪೂಜೆ ಮಾಡಿ, ಹಳೇ ಹಾರದ ಮೇಲೆ ಅದರ ಎರಡರಷ್ಟು ದಪ್ಪದ ಹೊಸ ಹಾರ ಏರಿಸಿದರು. ಜರಿಯೂ ಎರಡರಷ್ಟು.

ಶಿವನಿಯಲ್ಲಿರುವ ನಾದಿನಿಯ ಮನೆಗೆ ಹೋಗಬೇಕಾಗಿ ಬಂದಾಗ ನಾನೇ ಸ್ಟೀರಿಂಗ್ ಹಿಡಿದೆ. ಕಾರಿನ ಮರ್ಯಾದೆ ನನ್ನ ಕೈಯಲ್ಲಿತ್ತು. ಯಜಮಾನರು ಹಿಂದಿನ ಸೀಟಿನಲ್ಲಿ ಕೈಕಟ್ಟಿ ಕುಳಿತರು, ಅತ್ತೆ ಪಕ್ಕದಲ್ಲಿ ಕಣ್ಣುಮುಚ್ಚಿ ಜಪ ಮಾಡುತ್ತಿದ್ದರು. ಅಜ್ಜಂಪುರ ಇನ್ನೇನು ಬಂತು ಎನ್ನುವಾಗ ಗಾಳಿ ಬೀಸಿತು, ಹಾರ ಪಟಪಟನೆ ಬಡಿಯಿತು, ಕಾರು ಕೀ ಕೀ ಎಂದು ಅರಚಿ ಗಕ್ಕನೆ ನಿಂತಿತು. ಪುಣ್ಯಕ್ಕೆ ಹಿಂದೆ ಇದ್ದದ್ದು ಒಂದು ಎತ್ತಿನ ಗಾಡಿ. ಆಮೇಲೆ ಹಿಂದಿನಿಂದ ತುಂಬ ಮೃದುವಾದ ದನಿಯಲ್ಲಿ ಪ್ರಶ್ನೆ ಬಂತು. ‘ಬ್ರೇಕ್ ಒತ್ತಿದ್ಯಾ?’

‘ಇಲ್ಲ ರೀ.’

‘ಹೌದಾ. ವೆಲೋರಾ ಸುಮ್ಮಸುಮ್ಮನೆ ನಿಲ್ಲಲ್ವಂತೆ ಕಣೇ.’

ಅತ್ತೆ ಕಣ್ಣು ತೆರೆದು, ನಾಳೆಯೇ ಶಿವಮೊಗ್ಗಕ್ಕೆ ಬಿಟ್ಟುಬನ್ನಿ ಎಂದು ತೀರ್ಪು ಕೊಟ್ಟರು. ಶಿವನಿಯವರೆಗೆ ಎತ್ತಿನ ಗಾಡಿಗೂ ಹಿಂದೆ ಬೀಳುವ ವೇಗದಲ್ಲಿ ಹೋದೆವು. ನಾದಿನಿ ಒಬ್ಬಟ್ಟು ಬಡಿಸಿ ಮೇಲೆ ತುಪ್ಪ ಸುರಿದಳು. ಎಲೆಯ ಮುಂದೆ ಕುಳಿತೇ ಕಾರಿನ ಬಾಗಿಲಿನ ಆ ಸದ್ದನ್ನು ಮನಸ್ಸಿನಲ್ಲಿ ಕೊನೆಯದಾಗಿ ಕೇಳಿಕೊಳ್ಳುತ್ತಿದ್ದೆ. ಕೈತೊಳೆಯಲು ಹೊರಗೆ ಬಂದಾಗ ನಾದಿನಿಯ ಮನೆಯ ಹೋತ ಕಾರಿನ ಮುಂದೆ ನಿಂತು ಎರಡೂ ಹಾರ ಮುಗಿಸಿ ಕೊನೆಯ ಸೇವಂತಿಗೆಯನ್ನು ನೆಮ್ಮದಿಯಿಂದ ಅಗಿಯುತ್ತಿತ್ತು. ಜರಿಯನ್ನು ಮಾತ್ರ ಉಗಿದು ಕೆಳಗೆ ಹಾಕಿತ್ತು. ಆಮೇಲೆ ವಿಭೂತಿಯನ್ನೂ ನೆಕ್ಕಿತು. ಬೆಳ್ಳಿಯ ರೆಕ್ಕೆಗಳು ಎಷ್ಟೋ ದಿನದ ಮೇಲೆ ಬಿಸಿಲಿಗೆ ಫಳಫಳ ಹೊಳೆದವು. ಷೋರೂಮಿನವರ ಪ್ರಶ್ನೆ ನನಗೆ ಅರ್ಥವಾದದ್ದು ಆಗ. ಒಬ್ಬಟ್ಟಿನ ತುಪ್ಪ ಮೆತ್ತಿದ ಕೈಯಲ್ಲೇ ತಲೆ ಚಚ್ಚಿಕೊಂಡೆ.

ವಾಪಸು ಬರುವಾಗ ಕಾರು ಎಲ್ಲೂ ನಿಲ್ಲಲಿಲ್ಲ, ಅರಚಲಿಲ್ಲ. ನಾನು ಅಜ್ಜಂಪುರದಿಂದ ಬೀರೂರಿನವರೆಗೂ ಕಾರಿನ ಕಣ್ಣು ಜರಿಯ ಹೊಳಪನ್ನೇ ಎದುರಿಗೆ ಬಂದ ಗಾಡಿ ಎಂದುಕೊಂಡದ್ದನ್ನು ಪಾಠದಂತೆ ವಿವರಿಸಿದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, ‘ಅದೆಲ್ಲ ಸರಿ ಕಣವ್ವ, ದೃಷ್ಟಿಯೆಲ್ಲ ಆ ಹೋತ ತಿಂದ್ಬಿಡ್ತು. ಇನ್ನು ಆಗಿಬರುತ್ತೆ ಬಿಡು’ ಎಂದರು. ಕಾರು ಉಳಿಯಿತಲ್ಲ, ಯಾರ ಅರ್ಥಶಾಸ್ತ್ರದಿಂದಾದರೇನು? ಬೀರೂರಿನಲ್ಲಿ ನಾನು ಟೀಗೆ ನಿಲ್ಲಿಸಿದಾಗ ಯಜಮಾನರು ಕೀಗಾಗಿ ಕೈ ಚಾಚಿದರು. ಕೊಟ್ಟೆ. ತಪ್ಪಾಯ್ತು ರೀ ಎಂದು ಅದರ ಜೊತೆಗೇ ಕೊಟ್ಟೆ.

ಆ ದಿನ ಮನೆಮಂದಿಯೆಲ್ಲ ರಾತ್ರಿಯಿಡೀ ಒಂದೇ ನಿದ್ದೆ ಮಾಡಿದೆವು. ಎಷ್ಟು ಚೆನ್ನಾಗಿ ಮಲಗಿದೆನೆಂದರೆ, ಎದ್ದಾಗ ಮೊದಲ ಪಿರಿಯಡ್ಡಿನ ಹೊತ್ತು ಹತ್ತಿರ ಬಂದಿತ್ತು. ಓಡಿ ಅಂಗಳಕ್ಕೆ ಬಂದರೆ ಕಾರಿಲ್ಲ. ಯಜಮಾನರು ಬೆಳಕು ಹರಿಯುವ ಮೊದಲೇ ಪಂಚನಹಳ್ಳಿಯ ಯಾರದೋ ಬೋರ್‌ವೆಲ್ ನೋಡಲು, ಮೋಟಾರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗಿದ್ದರಂತೆ. ಹೋಗುವಾಗ ಬಾಗಿಲನ್ನು ಸುಮ್ಮನೆ ನಾಲ್ಕು ಸಲ ತೆಗೆದು ಮುಚ್ಚಿ ನೋಡಿದರು ಎಂದು ಅತ್ತೆ ಹೇಳಿದರು. ನಾನು ಬಸ್ಸು ಹಿಡಿದು ಸರಳಿಗೆ ಜೋತುಬಿದ್ದೆ. ಕಂಡಕ್ಟರು ಚೀಟಿ ಹರಿಯುತ್ತ, ‘ಏನ್ ಮೇಡಂ, ಕಾರು ತಗೊಂಡ್ರಂತೆ?’ ಎಂದ. ಹೌದಪ್ಪಾ, ತಗೊಂಡೆವು, ಆದರೆ ಈಗ ಅದರ ಮೇಲೆ ಪ್ರೀತಿ ಹುಟ್ಟಿರುವುದು ನಮ್ಮ ಯಜಮಾನರಿಗೆ ಎಂದೆ.