ನಾನು ಹುಟ್ಟಿಸಿದ ರಾಣಿಗೆ ನಾನೇ ತೀರ್ಪುಗಾರ

ಬಹಳ ವರ್ಷ ಮೇಷ್ಟ್ರಾಗಿದ್ದವನಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಎದುರಿಗೆ ಏನು ಬಂದರೂ ಅಂಕ ಕೊಡುವ ಕಾಯಿಲೆ. ಮದುವೆ ಮನೆಯ ಸಾರಿಗೆ ಹತ್ತಕ್ಕೆ ಐದೂವರೆ, ಬಸ್ ಕಂಡಕ್ಟರನ ಮಾತಿಗೆ ಮೂರು, ಎದುರು ಮನೆಯವರು ಹೊಸದಾಗಿ ಹಾಕಿಸಿದ ಗೇಟಿಗೆ ಆರು (ಬಣ್ಣಕ್ಕೆ ಒಂದು ಕಳೆದು). ಮಧುಗಿರಿಯಲ್ಲಿ ಪಿಯು ಮಕ್ಕಳಿಗೆ ಇತಿಹಾಸ ಪಾಠ ಮಾಡಿ ನಿವೃತ್ತನಾದ ನನಗೆ ಈಗ ತಿದ್ದಲು ಉತ್ತರ ಪತ್ರಿಕೆಗಳಿಲ್ಲ. ಆದರೂ ಕೆಂಪು ಪೆನ್ನು ಜೇಬಿನಲ್ಲೇ ಇದೆ. ದಿನಸಿ ಚೀಟಿಯಲ್ಲಿ ನನ್ನ ಹೆಂಡತಿ ಸರೋಜ ಬರೆದ 'ಮೆಂತೆ'ಯನ್ನು ಒಮ್ಮೆ ತಿದ್ದಿ 'ಮೆಂತ್ಯ' ಮಾಡಿದ್ದಕ್ಕೆ ಒಂದು ವಾರ ಸಾರಿಗೆ ಒಗ್ಗರಣೆಯೇ ಬೀಳಲಿಲ್ಲ. ಇಂಥವನನ್ನು ಯಾರಾದರೂ ತೀರ್ಪುಗಾರನಾಗಲು ಕರೆದರೆ ಅವನು ಬೇಡವೆನ್ನುತ್ತಾನೆಯೇ? ನಾನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಈಗ ಕೂತಲ್ಲಿ ನಿಂತಲ್ಲಿ ಅನ್ನಿಸುತ್ತಿದೆ. ಹೇಳಿಕೊಳ್ಳಲು ನಾಚಿಕೆ, ಹೇಳಿಕೊಳ್ಳದಿದ್ದರೆ ಊಟ ಸೇರುವುದಿಲ್ಲ.

ಕರೆದವನು ನಾಗರಾಜ. ನನ್ನ ಹಳೆಯ ಶಿಷ್ಯ, ಈಗ ಶಿರಾದಿಂದಾಚೆ ಹೆದ್ದಾರಿ ಪಕ್ಕದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ವಿಭಾಗದ ಮುಖ್ಯಸ್ಥ. "ಸಾರ್, ಸ್ಟಾರ್ಟಪ್ ಸ್ಪರ್ಧೆ ಇಟ್ಟಿದ್ದೀವಿ. ಅಂತರಜಾಲದಲ್ಲಿ ಎಲ್ಲರೂ ಸೇರಿ ಬರೆಯೋ ಉಚಿತ ವಿಶ್ವಕೋಶ ಇದೆಯಲ್ಲ, ಅದನ್ನ ಇಟ್ಕೊಂಡು ಹುಡುಗರು ಹುಡುಕೋ ಯಂತ್ರ ಮಾಡಿದ್ದಾರೆ. ಪ್ರಶ್ನೆ ಕೇಳಿದ್ರೆ ವಿಶ್ವಕೋಶದಲ್ಲಿ ಹುಡುಕಿ ಉತ್ತರ ಹೇಳುತ್ತೆ. ನೀವು ಅದರಲ್ಲಿ ಲೇಖನ ಬರೆದಿದ್ದೀರಿ, ಅದಕ್ಕೇ ನೀವೇ ಬೇಕು" ಎಂದ. ಗೆದ್ದವರಿಗೆ ಒಂದು ವರ್ಷ ಕಾಲೇಜಿನಲ್ಲೇ ಒಂದು ಕೋಣೆ, ಕಂಪ್ಯೂಟರು, ಇಂಟರ್ನೆಟ್ಟು, ಜೊತೆಗೊಬ್ಬ ಮಾರ್ಗದರ್ಶಕ. ಊರಿನಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಮಕ್ಕಳಿಗೆ ಆ ಕೋಣೆ ಎಂದರೆ ಸಣ್ಣ ವಿಷಯವಲ್ಲ. ಸರೋಜಳಿಗೆ ಹೇಳಿದೆ. "ಮೂಗಿನ ಮೇಲಿರೋ ಕನ್ನಡಕ ಹುಡುಕ್ಕೊಡೋಕೆ ನಾನು ಬೇಕು. ಇವರು ಹುಡುಕೋ ಯಂತ್ರಕ್ಕೆ ಮಾರ್ಕ್ಸ್ ಹಾಕ್ತಾರಂತೆ!" ಎಂದು ಒಳಗೆ ಹೋದಳು.

ಆ ವಿಶ್ವಕೋಶದಲ್ಲಿ ನಾನು ಬರೆದದ್ದೇನೆಂದು ಇಲ್ಲೇ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ದೊಡ್ಡೇರಿ ಹೋಬಳಿಯ ನಮ್ಮೂರ ಮುಂದೆ ಒಂದು ನೀರಿನ ಕಟ್ಟೆ ಇದೆ. ಕಲ್ಲು ಕಟ್ಟಿದ ಏರಿ, ಇಳಿಯಲು ಒಂಬತ್ತು ಮೆಟ್ಟಿಲು, ದನಕರುಗಳಿಗೆ ಒಂದು ಇಳಿಜಾರು. ನಿವೃತ್ತಿಯಾದ ಹೊಸದರಲ್ಲಿ, ಮಾಡಲು ಬೇರೆ ಕೆಲಸವಿಲ್ಲದೆ, 'ಸತ್ಯಪ್ರಿಯ' ಎಂಬ ಹೆಸರಿಟ್ಟುಕೊಂಡು ಅದರ ಮೇಲೊಂದು ಲೇಖನ ಬರೆದೆ. ಕುರಿ ಸಾಕುವವರ ಮನೆಯ ಕೆಂಚಮ್ಮ ಎಂಬಾಕೆ ತನ್ನ ಮಂದೆಯನ್ನೇ ಮಾರಿ ಈ ಕಟ್ಟೆ ಕಟ್ಟಿಸಿದಳೆಂದು ಊರಿನವರು ಹೇಳುತ್ತಾರೆ ಎಂದು ಬರೆದಿದ್ದೆ. ಅದು ನಿಜ. ನಮ್ಮೂರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಎರಡೇ ದಿನಕ್ಕೆ ಲೇಖನದ ತಲೆಯ ಮೇಲೆ ಒಂದು ಪಟ್ಟಿ ಬಂತು: ಆಧಾರವಿಲ್ಲ, ವಿಷಯಕ್ಕೆ ಸಾಕಷ್ಟು ಮಹತ್ವವಿಲ್ಲ, ಅಳಿಸಲು ಸೂಚಿಸಲಾಗಿದೆ. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮೂರ ಕಟ್ಟೆಗೆ ಮಹತ್ವವಿಲ್ಲವಂತೆ! ಹೇಳುವವನು ಯಾವನೋ, ಎಲ್ಲಿ ಕೂತಿದ್ದಾನೋ! ಮಹತ್ವ ತಾನೇ ಬೇಕು, ತಗೋ ಎಂದುಕೊಂಡು ಕೆಂಚಮ್ಮನನ್ನು ತೆಗೆದು ಆ ಜಾಗಕ್ಕೆ ಒಬ್ಬ ರಾಣಿಯನ್ನು ಕೂರಿಸಿದೆ. ನನ್ನ ಸೋದರತ್ತೆಯ ಹೆಸರು ಹೊನ್ನಮ್ಮ. ಅದನ್ನೇ ಒಂದಿಷ್ಟು ಹಿಗ್ಗಿಸಿದರೆ ಪಾಳೆಯಗಾರರ ಪಟ್ಟದ ರಾಣಿ ಹೊನ್ನಾಜಮ್ಮಣ್ಣಿ ಸಿದ್ಧ. ಪಟ್ಟಿ ಹೋಯಿತು, ಲೇಖನ ಉಳಿಯಿತು. ಇತಿಹಾಸದ ಮೇಷ್ಟ್ರು ಮಾಡುವ ಕೆಲಸವೇ ಇದು? ಅಲ್ಲ. ಆದರೆ ಆ ದಿನ ಕಾಫಿ ಮಾತ್ರ ಬಹಳ ರುಚಿಯಾಗಿತ್ತು.

ಆಮೇಲೆ 'ಆಧಾರ ಬೇಕು' ಎಂದು ಇನ್ನೊಂದು ಪಟ್ಟಿ ಬಂತು. ಅದೇ ಹೊತ್ತಿಗೆ ನಮ್ಮೂರ ಹೈಸ್ಕೂಲಿನವರು ಸ್ಮರಣ ಸಂಚಿಕೆಗೆ ಲೇಖನ ಕೇಳಿದರು. ನನ್ನ ಸ್ವಂತ ಹೆಸರಿನಲ್ಲೇ, ಪದವಿಗಳ ಸಮೇತ, ರಾಣಿಯ ಬಗ್ಗೆ ನಾಲ್ಕು ಪುಟ ಬರೆದೆ. ಅದು ಮೊದಲನೆಯ ಆಧಾರ. ವಿಶ್ವಕೋಶ ನೋಡಿ ಒಬ್ಬ ವರದಿಗಾರ ಸ್ಥಳೀಯ ಪತ್ರಿಕೆಯಲ್ಲಿ 'ಅವನತಿಯ ಅಂಚಿನಲ್ಲಿ ರಾಣಿಯ ಕಟ್ಟೆ' ಎಂದು ಬರೆದ. ಅದು ಎರಡನೆಯದು. ಪತ್ರಿಕೆ ನೋಡಿ ಪಂಚಾಯಿತಿಯವರು ಕಟ್ಟೆಯ ಮುಂದೆ ನೀಲಿ ಬೋರ್ಡು ನೆಟ್ಟರು, ಅದರ ಫೋಟೋ ಮೂರನೆಯದು. ಮೂರನ್ನೂ ನಾನೇ ಲೇಖನಕ್ಕೆ ಜೋಡಿಸಿದೆ. ಊರಿಗೆ ಹೋದಾಗ ಕೆಂಚಮ್ಮನ ಮನೆತನದ ಕರಿಯಣ್ಣ ದಾರಿಗೆ ಅಡ್ಡ ನಿಂತ. ಎಪ್ಪತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಕಂಬಳಿ. "ಏನ್ ಮೇಷ್ಟ್ರೇ, ಕಟ್ಟೆ ಮುಂದೆ ಅದೆಂತದೋ ಬೋರ್ಡ್ ನೆಟ್ಟವ್ರೆ. ಯಾರೋ ರಾಣಿ ಕಟ್ಸಿದ್ಲು ಅಂತ ಓದುದ್ರು. ನಮ್ಮಜ್ಜಿಯವ್ವ ಕುರಿ ಮಾರಿ ಕಟ್ಸಿದ್ದು ಊರಿಗೆಲ್ಲ ಗೊತ್ತಲ್ಲ. ಇವಳು ಯಾವಾಗ ಬಂದ್ಬುಟ್ಲು ಮಧ್ಯದಾಗೆ? ನೀವು ಓದ್ದೋರು, ವಸಿ ವಿಚಾರ್ಸಿ" ಎಂದ. ವಿಚಾರಿಸುತ್ತೇನೆ ಎಂದೆ. ಯಾರನ್ನು ವಿಚಾರಿಸಲಿ?

ಸ್ಪರ್ಧೆಯ ದಿನ ವೇದಿಕೆಯ ಮೇಲೆ ಮೂವರು ತೀರ್ಪುಗಾರರು. ಒಬ್ಬರು ಬ್ಯಾಂಕಿನವರು, ಇನ್ನೊಬ್ಬರು ಕಂಪನಿ ನಡೆಸುವವರು, ಮೂರನೆಯವನು ನಾನು, 'ವಿಷಯ ತಜ್ಞ' ಎಂಬ ಫಲಕದ ಹಿಂದೆ. ಬ್ಯಾಂಕಿನವರಿಗೆ ವಿಶ್ವಕೋಶ ಗೊತ್ತಿರಲಿಲ್ಲ, ಕಂಪನಿಯವರಿಗೆ ಕನ್ನಡ ಅಷ್ಟಕ್ಕಷ್ಟೆ, ನನಗೆ ಯಂತ್ರ ಗೊತ್ತಿರಲಿಲ್ಲ. ಮೊದಲು ಬಂದ ತೋವಿನಕೆರೆಯ ತಂಡದ ಯಂತ್ರಕ್ಕೆ ಬಾಯಲ್ಲಿ ಹೇಳಿದರೆ ಸಾಕಂತೆ. ಬ್ಯಾಂಕಿನವರು "ಶಿರಾದಲ್ಲಿ ಇವತ್ತು ಕಡ್ಲೆಕಾಯಿ ರೇಟೆಷ್ಟಪ್ಪ?" ಎಂದು ಕೇಳಿದರು. ಅದು ಕಡಲೆಕಾಯಿ ದಕ್ಷಿಣ ಅಮೆರಿಕದಿಂದ ಬಂದ ಕಥೆಯನ್ನು ಹೆಣ್ಣುದನಿಯಲ್ಲಿ ಐದು ನಿಮಿಷ ಹೇಳಿತು. ಆರು ಅಂಕ ಕೊಟ್ಟೆ. ಎರಡನೆಯ ತಂಡದ ಹುಡುಗ ನನ್ನ ಕಡೆ ಕೈಮಾಡಿ, "ಸರ್, ನಿಮ್ಮ ಊರಿನ ಬಗ್ಗೆನೇ ಏನಾದ್ರೂ ಕೇಳಿ" ಎಂದ. ಬೇಡವಪ್ಪ ಎಂದೆ. ನಾಗರಾಜ ಬಿಡಬೇಕಲ್ಲ! "ಸಾರ್ ಊರ ಕಟ್ಟೆ ಬಗ್ಗೆ ಕೇಳ್ರೋ" ಎಂದು ಕೂಗಿದ. ಪರದೆಯ ಮೇಲೆ ಹೊನ್ನಾಜಮ್ಮಣ್ಣಿ ಎದ್ದು ನಿಂತಳು. ಬರೀ ಹೆಸರಲ್ಲ, ಯಂತ್ರ ತಾನೇ ಬರೆದ ಚಿತ್ರ ಬೇರೆ. ಕಿರೀಟ, ಮೂಗುಬೊಟ್ಟು, ಕೈಯಲ್ಲಿ ಕತ್ತಿ. ನಮ್ಮ ಸೋದರತ್ತೆ ಕೈಯಲ್ಲಿ ಹಿಡಿದದ್ದೆಂದರೆ ಮುದ್ದೆ ಕೋಲು ಮಾತ್ರ. ಸಭೆ ಚಪ್ಪಾಳೆ ತಟ್ಟಿತು. ಒಂಬತ್ತು ಅಂಕ ಕೊಟ್ಟೆ.

ಕೊನೆಗೆ ಬಂದವಳು ಲಾವಣ್ಯ, ಪಾವಗಡದ ಕಡೆಯ ಹುಡುಗಿ, 'ಅಲ್ಲವೇ' ಎನ್ನಲು ತೆಲುಗಿನ 'ಕದಾ' ಎನ್ನುವವಳು. ಜೊತೆಗೊಬ್ಬಳು ಗೆಳತಿ. ಅವಳೂ ಅದೇ ಕಟ್ಟೆಯ ಪ್ರಶ್ನೆಯನ್ನೇ ಕೇಳಿದಳು. ಅವಳ ಯಂತ್ರ ಉತ್ತರ ಕೊಡಲಿಲ್ಲ. 'ಈ ವಿಷಯವನ್ನು ಖಚಿತವಾಗಿ ಹೇಳಲಾಗದು' ಎಂದು ಒಂದು ಸಾಲು ಬಂತು. ಸಭೆಯಲ್ಲಿ ಕಿಸಕಿಸ ನಗು. ಅವಳು ಹೆದರದೆ ಮುಂದುವರಿಸಿದಳು. "ಯಾರು ಹೇಳಿದ್ದು ಅಂತ ನೋಡ್ಬೇಕು ಕದಾ ಸಾರ್. ನಮ್ದು ಅದನ್ನ ಹುಡುಕುತ್ತೆ. ಬೋರ್ಡು ಪೇಪರ್ ನೋಡಿ ಬರ್ದಿದ್ದು. ಪೇಪರು ವಿಶ್ವಕೋಶ ನೋಡಿ ಬರ್ದಿದ್ದು. ಸ್ಮರಣ ಸಂಚಿಕೆ ವಿಶ್ವಕೋಶ ಆದ್ಮೇಲೆ ಬಂದಿದ್ದು. ಮೂರು ಆಧಾರ ಅಂತ ಕಾಣುತ್ತೆ, ನಿಜಕ್ಕೂ ಒಬ್ರೇ ಹೇಳಿರೋದು." ಇನ್ನೊಂದು ಗುಂಡಿ ಒತ್ತಿದಳು. ಲೇಖನದ ಹಳೆಯ ರೂಪ ಬಂತು. "ಮೊದ್ಲನೇ ದಿನ ಇಲ್ಲಿ ಕೆಂಚಮ್ಮ ಅಂತಿತ್ತು ಸಾರ್. ಆಮೇಲೆ ಬರ್ದೋರೇ ಅದನ್ನ ಅಳಿಸಿ ರಾಣಿನ ಇಟ್ಟಿದಾರೆ." ಕಂಪನಿಯವರು ಯಾರದು ಎಂದು ಕೇಳಿದರು. "ಹೆಸರು ಬೇಡ ಸಾರ್, ಅದು ಮುಖ್ಯ ಅಲ್ಲ" ಎಂದಳು.

ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಬ್ಯಾಂಕಿನವರು "ಉತ್ತರಾನೇ ಕೊಡದ ಯಂತ್ರ ಯಾರಿಗ್ರೀ ಬೇಕು?" ಎಂದು ನಕ್ಕು, "ವಿಷಯ ತಜ್ಞರು ಏನಂತೀರಿ?" ಎಂದು ನನ್ನತ್ತ ತಿರುಗಿದರು. ಮೈಕು ನನ್ನ ಕೈಗೆ ಬಂತು. ಒಂದೇ ವಾಕ್ಯ ಸಾಕಿತ್ತು: ಈ ಹುಡುಗಿ ಹೇಳುತ್ತಿರುವುದು ಸರಿ, ಆ ಸುಳ್ಳು ಬರೆದವನು ನಾನು. ನನ್ನ ಬಾಯಿಂದ ಬಂದದ್ದು ಬೇರೆ. "ನೋಡಮ್ಮ, ಸ್ಥಳೀಯ ಇತಿಹಾಸದಲ್ಲಿ ಎಲ್ಲಕ್ಕೂ ಇಷ್ಟು ಅನುಮಾನ ಪಡುತ್ತಾ ಹೋದರೆ ಏನೂ ಉಳಿಯುವುದಿಲ್ಲ. ಜನಕ್ಕೆ ಉತ್ತರ ಬೇಕು." ಇನ್ನೂ ಏನೇನೋ ಹೇಳಿದೆ, ಪರಂಪರೆ ಎಂಬ ಶಬ್ದವನ್ನು ಎರಡು ಸಲ ಬಳಸಿದೆ. ಕೆಂಪು ಪೆನ್ನು ತೆಗೆದು ಮೂರು ಅಂಕ ಬರೆದೆ. ಉಳಿದಿಬ್ಬರೂ ತಜ್ಞರ ಮಾತು ಕೇಳಿ ತಮ್ಮ ಅಂಕ ಇಳಿಸಿದರು. ಕೋಣೆ ರಾಣಿಯ ಚಿತ್ರ ತೋರಿಸಿದ ತಂಡಕ್ಕೆ ಹೋಯಿತು.

ತಿಂಡಿಯ ಹೊತ್ತಿನಲ್ಲಿ ಚಿತ್ರಾನ್ನದ ತಟ್ಟೆ ಹಿಡಿದು ಮೂಲೆಯಲ್ಲಿ ನಿಂತಿದ್ದೆ. ಲಾವಣ್ಯ ಬಂದಳು. "ಸಾರ್, ನಮ್ದು ಎಲ್ಲಿ ತಪ್ಪಾಯ್ತು ಹೇಳಿ, ಸರಿ ಮಾಡ್ಕೋತೀವಿ" ಎಂದಳು. ಕೋಪವಿಲ್ಲ, ಅಳುವಿಲ್ಲ, ನೋಟ್ ಪುಸ್ತಕ ತೆರೆದು ನಿಂತಿದ್ದಾಳೆ. ಮೂವತ್ತು ವರ್ಷ ಸುಳ್ಳು ನೆಪ ಹೇಳಿದ ಮಕ್ಕಳನ್ನು ಕಣ್ಣಲ್ಲೇ ಹಿಡಿದವನು ನಾನು. "ಸ್ವಲ್ಪ ಜೋರಾಗಿ ಮಾತಾಡಬೇಕಮ್ಮ" ಎಂದೆ. ಅವಳು ಅದನ್ನೂ ಬರೆದುಕೊಂಡಳು! ಇಷ್ಟು ಕೀಳಾಗಿ ನಾನು ಯಾವತ್ತೂ ನಡೆದುಕೊಂಡಿರಲಿಲ್ಲ. ಶಿರಾದಿಂದ ಮಧುಗಿರಿಗೆ ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕವೇ ಸೀಟು ಸಿಕ್ಕಿತ್ತು. ಹೊರಗೆ ಒಮ್ಮೆಯೂ ನೋಡಲಿಲ್ಲ.

ಮನೆಗೆ ಬಂದು ಸರೋಜಳಿಗೆ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. "ಮೊದ್ಲು ಅದನ್ನ ಸರಿಮಾಡಿ" ಎಂದಳು. ಮಾರನೆಯ ಬೆಳಿಗ್ಗೆ ಸ್ನಾನ ಮುಗಿಸಿ ಕೂತು, ರಾಣಿಯನ್ನು ಅಳಿಸಿ ಕೆಂಚಮ್ಮನ ಹೆಸರು ಬರೆದೆ. ಹತ್ತೇ ನಿಮಿಷದಲ್ಲಿ ರಾಣಿ ವಾಪಸ್ಸು ಬಂದಳು. ಮೂರು ಆಧಾರಗಳಿರುವ ಮಾಹಿತಿಯನ್ನು ತೆಗೆದು ಆಧಾರವಿಲ್ಲದ್ದನ್ನು ಸೇರಿಸಿದ್ದೀರಿ, ತಿದ್ದುಪಡಿ ರದ್ದು ಎಂದು ಯಾರೋ ಬರೆದಿದ್ದರು. ಆ ಸುಳ್ಳು ಬರೆದವನೇ ನಾನು ಮಾರಾಯ ಎಂದು ಬರೆದೆ. ಸ್ವಂತ ಹೇಳಿಕೆಯನ್ನು ಆಧಾರವೆಂದು ಪರಿಗಣಿಸಲಾಗದು ಎಂದು ಉತ್ತರ ಬಂತು. ಮತ್ತೆ ಅಳಿಸಿದೆ, ಮತ್ತೆ ಬಂದಳು. ಐದನೆಯ ಸಲಕ್ಕೆ 'ಸತ್ಯಪ್ರಿಯ'ನಿಗೆ ಒಂದು ವಾರ ಬರೆಯದಂತೆ ನಿಷೇಧ ಹಾಕಿದರು. ಕಾರಣ: ಲೇಖನ ವಿರೂಪಗೊಳಿಸಿದ್ದು. ಕರಿಯಣ್ಣನ ಬಳಿ ಹೋಗಿ ಹಳೆಯ ಕಾಗದ ಪತ್ರ ಏನಾದರೂ ಇದೆಯೇ ಎಂದು ಕೇಳಿದೆ. "ಕುರಿ ಕಾಯೋಳು ಕಾಗ್ದ ಎಲ್ಲಿ ಮಡಗ್ತಾಳೆ ಮೇಷ್ಟ್ರೇ? ಕಟ್ಟೆನೇ ಐತಲ್ಲ ಕಣ್ಮುಂದೆ!" ಎಂದ. ಅವನಿಗೂ ನಿಜ ಹೇಳಿದೆ. ಅವನು "ಅಂಗಾದ್ರೆ ನೀವೇನಾ" ಎಂದಷ್ಟೇ ಹೇಳಿ ಕುರಿ ಹೊಡೆದುಕೊಂಡು ಹೋದ.

ಉಳಿದವಳು ಲಾವಣ್ಯ. ನಾಗರಾಜನಿಂದ ನಂಬರು ಪಡೆದು ಫೋನ್ ಮಾಡಿದೆ. ಗೆಳತಿ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದಳಂತೆ. ಇವಳೊಬ್ಬಳೇ ಹಳೆಯ ಲ್ಯಾಪ್‌ಟಾಪಿನಲ್ಲಿ, ಕರೆಂಟು ಇದ್ದಾಗ, ಅದನ್ನೇ ಮಾಡುತ್ತಿದ್ದಾಳಂತೆ. ಆ ರಾಣಿಯನ್ನು ಬರೆದವನು ನಾನೇ ಕಣಮ್ಮ ಎಂದೆ.

"ಗೊತ್ತು ಸಾರ್" ಎಂದಳು. "ಸ್ಮರಣ ಸಂಚಿಕೇಲಿ ನಿಮ್ಮ ಹೆಸರಿತ್ತು ಕದಾ. ಪೋಟೋನೂ ಇತ್ತು."

ಗೊತ್ತಿದ್ದೂ ಯಾಕಮ್ಮ ಅದೇ ಕಟ್ಟೆ ತೆಗೆದುಕೊಂಡೆ ಎಂದು ಕೇಳಿದೆ.

"ನೀವು ಹಿಸ್ಟ್ರಿ ಮೇಷ್ಟ್ರು ಸಾರ್. ನಾವು ತೋರಿಸಿದ್ರೆ, ಹೌದು, ನಾನೇ ಬರ್ದಿದ್ದು, ತಪ್ಪಾಗಿದೆ ಅಂತ ಅಲ್ಲೇ ಹೇಳ್ತೀರ ಅಂತ ಅನ್ಕೊಂಡಿದ್ವಿ. ನಮ್ದು ಸರಿಯಾಗಿ ಕೆಲ್ಸ ಮಾಡುತ್ತೆ ಅನ್ನೋಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಾಗಿರ್ಲಿಲ್ಲ." ಮತ್ತೆ ಅವಳೇ, "ಹೋಗ್ಲಿ ಬಿಡಿ ಸಾರ್. ಈಗಾದ್ರೂ ಎಲ್ಲಾದ್ರೂ ಬರ್ದು ಅಚ್ಚು ಹಾಕ್ಸಿ. ಅಚ್ಚಾದ್ರೆ ಆ ಕೆಂಚಮ್ಮಂಗೆ ಒಂದು ಆಧಾರ ಆಗುತ್ತೆ" ಎಂದಳು.

ಆದ್ದರಿಂದ ಇಷ್ಟನ್ನೂ ಬರೆದು, ಕೊನೆಯಲ್ಲಿ ನನ್ನ ಪೂರ್ತಿ ಹೆಸರು, ವಿಳಾಸ, ಸಹಿ ಹಾಕಿ ಒಂದು ಪತ್ರಿಕೆಗೆ ಕಳಿಸಿದೆ. ಕಳಿಸಿದ ಮೇಲೆ ನಡೆದದ್ದನ್ನೂ ಸೇರಿಸಿಬಿಡುತ್ತೇನೆ. ಹದಿನೈದು ದಿನಕ್ಕೆ ಸಂಪಾದಕರೇ ಫೋನ್ ಮಾಡಿದರು. ಬಹಳ ಮೆಚ್ಚಿಕೊಂಡಿದ್ದರು, ಹಾಸ್ಯ ವಿಭಾಗದಲ್ಲಿ ಹಾಕುತ್ತಾರಂತೆ. "ನಿಮ್ಮ ಊರಿನ ರಾಣಿಯ ಬಗ್ಗೆ ನಮ್ಮ ಪತ್ರಿಕೆಯಲ್ಲೇ ಹಿಂದೆ ವರದಿ ಬಂದಿತ್ತು ನೋಡಿ. ಅಂಥ ನಿಜವಾದ ಇತಿಹಾಸ ಇಟ್ಟುಕೊಂಡು ಎಷ್ಟು ಸೊಗಸಾಗಿ ತಮಾಷೆ ಮಾಡಿದ್ದೀರಿ! ಅದರಲ್ಲೂ ಆ ಕೆಂಚಮ್ಮ ಅನ್ನೋ ಪಾತ್ರ, ಕುರಿ ಮಾರಿ ಕಟ್ಟೆ ಕಟ್ಟಿಸೋದು, ಅಬ್ಬಾ, ಎಂಥ ಕಲ್ಪನೆ ಸಾರ್ ನಿಮ್ಮದು!" ಎಂದರು. ಅಲ್ಲ ಸ್ವಾಮಿ, ಆಕೆ ನಿಜ ಎಂದು ಹೇಳಬೇಕಿತ್ತು. ಆದರೆ ಹೊಗಳಿಸಿಕೊಂಡು ಎಷ್ಟೋ ಕಾಲವಾಗಿತ್ತು.

"ಏನೋ, ನಿಮ್ಮಂಥವರ ಅಭಿಮಾನ" ಎಂದುಬಿಟ್ಟೆ.