ಮರಿಬಸಪ್ಪನ ಮನೆಯ ಮೆಟ್ಟಿಲುಗಲ್ಲು

ಕುರುಗೋಡಿನ ಹಳೇ ಗುಡಿಯ ಓಣಿಯಲ್ಲಿ ಮರಿಬಸಪ್ಪನ ಮನೆ. ಬಾಗಿಲ ಮುಂದೆ ಮೊಣಕಾಲೆತ್ತರದ ಒಂದು ಕರೀ ಮೆಟ್ಟಿಲುಗಲ್ಲು. ಅಜ್ಜನ ಕಾಲದಿಂದ ಅದನ್ನು ಹತ್ತಿ ಇಳಿದವರು ಯಾರೂ ಅದರತ್ತ ಎರಡನೇ ಸಲ ನೋಡಿದವರಲ್ಲ. ಆದರೆ ಈಚೆಗೆ ಮರಿಬಸಪ್ಪನಿಗೆ ಆ ಕಲ್ಲು ಕಣ್ಣಿಗೆ ಬಿದ್ದರೆ ಸಾಕು, ಅದನ್ನೇ ಎತ್ತಿ ಯಾರೋ ಎದೆಯ ಮೇಲೆ ಇಟ್ಟಂತಾಗುತ್ತಿತ್ತು.

ಕಾರಣ ಅವನ ತಾಯಿ ದಾಕ್ಷಾಯಣಮ್ಮ. ಗಂಡ ಸತ್ತ ದುಃಖ ಆರುವ ಮೊದಲೇ ಆಕೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದಳು. ಬಳ್ಳಾರಿಯಲ್ಲಿ ಆಪರೇಷನ್ ಆಯಿತು. ಗಾಲಿಕುರ್ಚಿಯ ಸಮೇತ ಮನೆಗೆ ಕರೆತಂದು ಕಲ್ಲಿನ ಮೇಲಿಂದ ಎತ್ತಿ ಒಳಗೆ ಇಡಲು ನೋಡಿದರು. ಕುರ್ಚಿ ವಾಲಿತು, ಮುದುಕಿ ಚೀರಿದಳು. ಅಂದಿನಿಂದ ಆಕೆ ಸಿರುಗುಪ್ಪದಲ್ಲಿ ಮಗಳ ಮನೆಯಲ್ಲಿದ್ದಾಳೆ. ಬರುವ ಸೋಮವಾರ ಗಂಡ ತೀರಿಕೊಂಡು ವರ್ಷ ತುಂಬುತ್ತದೆ.

“ಅವತ್ತು ನಾ ನನ್ನ ಮನ್ಯಾಗ ಇರಬೇಕಪ್ಪ. ನಿಮ್ಮಪ್ಪ ಪ್ರಾಣ ಬಿಟ್ಟ ಜಾಗದಾಗ ಒಂದು ದೀಪ ಹಚ್ಚಬೇಕು. ಮತ್ತೇನೂ ಬ್ಯಾಡ ನನಗ,” ಎಂದು ದಿನಾ ಫೋನಿನಲ್ಲಿ ಅಳುತ್ತಿದ್ದಳು.

ಕಲ್ಲು ಕಿತ್ತು ಇಳಿಜಾರು ಮಾಡಿದರೆ ಮುಗಿಯಿತು. ಆದರೆ ಹಳೇ ಗುಡಿ ಸರ್ಕಾರದ ರಕ್ಷಣೆಯಲ್ಲಿತ್ತು. ಸುತ್ತಲಿನ ಹಳೇ ಮನೆಗಳಲ್ಲಿ ಏನನ್ನು ಕೀಳಬೇಕಾದರೂ, ಕಟ್ಟಬೇಕಾದರೂ ಬಳ್ಳಾರಿಯ ಸಮಿತಿಯ ಒಪ್ಪಿಗೆ ಬೇಕು. ಮರಿಬಸಪ್ಪ ಅರ್ಜಿ ಹಾಕಿ, ಜೀನ್ಸ್ ಹೊಲಿಯುವ ಕೆಲಸಕ್ಕೆ ರಜೆ ಹಾಕಿ, ಕಚೇರಿಗೆ ಅಲೆದು ಅಲೆದು ಅರ್ಧ ಸವೆದಿದ್ದ. ಕೊನೆಗೆ ಶುಕ್ರವಾರ ಸಮಿತಿಯ ರಶ್ಮಿ ಮೇಡಂ ಬರುತ್ತಾರೆಂದು ಸುದ್ದಿ ಬಂತು. ಅವರು ಹೂಂ ಎಂದ ಕೂಡಲೇ ಕಲ್ಲು ಏಳಿಸಲೆಂದು ಗೌಂಡಿ ಮಾರೇಶ ಬೆಳಿಗ್ಗೆಯೇ ಹಾರೆ ಹಿಡಿದು ಬಂದು ಜಗಲಿಯ ಮೇಲೆ ಕುಳಿತ.

ಆಗ ಪಕ್ಕದ ಮನೆಯ ಅಯ್ಯಣ್ಣ ಹಲ್ಲುಜ್ಜುತ್ತ ಹೊರಗೆ ಬಂದ. ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತ.

“ಲೇ ಮರಿಬಸಪ್ಪ, ಇದರ ಮ್ಯಾಲೆ ತಾವರಿ ಹೂವು ಕೆತ್ಯಾರಲ್ಲೋ!”

“ಹೌದಣ್ಣ, ಮೊದ್ಲಿಂದ ಐತಿ.”

“ಸತ್ತಿ ಬಿಡು. ಕೆತ್ತಿದ ಕಲ್ಲು ಕಂಡ್ರ ಅವರು ಬಿಡ್ತಾರೇನು? ಸುತ್ತ ಬೇಲಿ ಹಾಕಿ ಬೋರ್ಡು ನೆಡ್ತಾರ. ನಿಮ್ಮವ್ವ ಸಿರುಗುಪ್ಪದಾಗೇ ಕಾಯಂ!”

ಮರಿಬಸಪ್ಪನ ಮುಖ ನೀರಲ್ಲಿ ಬಿದ್ದ ಮಂಡಕ್ಕಿಯಂತಾಯಿತು. “ಈಗೇನು ಮಾಡ್ಲಣ್ಣ?”

“ಮುಚ್ಚು. ಸುಣ್ಣ ಬಳದ್ರ ಕೆರೆದು ನೋಡ್ತಾರ. ಗೋಣಿಚೀಲ ಹಾಕಿದ್ರ ಎತ್ತಿ ನೋಡ್ತಾರ. ದಪ್ಪಗೆ ವಿಭೂತಿ ಬಡಿ, ಮ್ಯಾಲೆ ಕುಂಕುಮ, ಎಣ್ಣಿ, ಹೂವು. ದೇವರ ಮೈ ಮುಟ್ಟಾಕ ಯಾವ ಆಫೀಸರಿಗೂ ಧೈರ್ಯ ಇರಂಗಿಲ್ಲ. ಅವರು ಹೋದ ಮ್ಯಾಲೆ ತೊಳದ್ರಾತು.”

ಮರಿಬಸಪ್ಪನಿಗೆ ಇದು ಸರಿ ಕಾಣಲಿಲ್ಲ. ಆದರೆ ಸೋಮವಾರ ಕಣ್ಣಮುಂದಿತ್ತು. ಒಳಗಿನಿಂದ ವಿಭೂತಿ ತಂದ. ಅಯ್ಯಣ್ಣ ತನ್ನ ಮನೆಯ ದೇವರ ಜಗಲಿಯ ಮೇಲಿನ ಹೂವಿನ ಸರ ತಂದ. ಹಲ್ಲುಜ್ಜಿ ಮುಗಿಯುವುದರೊಳಗೆ ಮೆಟ್ಟಿಲು ದೇವರಾಯಿತು.

ಎದುರು ಮನೆಯ ಅಂಬಮ್ಮ ಓಣಿಯ ತುದಿಯಿಂದ ಬಂದಳು. ಆಕೆಯ ಎಮ್ಮೆ ಹಿಂದಿನ ದಿನ ಮೇಯಲು ಹೋದದ್ದು ಹಟ್ಟಿಗೆ ಬಂದಿರಲಿಲ್ಲ. ಹುಡುಕಿ ಹುಡುಕಿ ಕಾಲು ಸೋತಿದ್ದವು.

“ಇದೇನ್ರಿ ಅಯ್ಯಣ್ಣ?”

ಅಯ್ಯಣ್ಣ ಬಾಯಲ್ಲಿದ್ದ ನೀರನ್ನು ಉಗುಳಿ, ತುಸುವೂ ಅಳುಕದೆ ಹೇಳಿದ: “ಮರಿಬಸಪ್ಪಗ ದೇವರು ಕನಸಿನಾಗ ಬಂದು, ‘ನನ್ನ ತುಳೀಬ್ಯಾಡ್ರಿ’ ಅಂದನಂತ.”

ಅಂಬಮ್ಮ ದಬಕ್ಕನೆ ಅಡ್ಡಬಿದ್ದಳು. “ನಮ್ಮಪ್ಪ, ನನ್ನ ಎಮ್ಮಿ ಕೊಡು!”

ಆಕೆ ಏಳುವುದಕ್ಕೂ ಎಮ್ಮೆ ಓಣಿಯ ತಿರುವಿನಲ್ಲಿ ಬಾಲ ಬೀಸುತ್ತ ಬರುವುದಕ್ಕೂ ಸರಿಹೋಯಿತು. ಅದಕ್ಕೆ ಹಸಿವಾಗಿತ್ತು, ಅಷ್ಟೇ. ಅಂಬಮ್ಮನ ಕೂಗಿಗೆ ಮಾತ್ರ ಓಣಿಗೆ ಓಣಿಯೇ ಎದ್ದು ಬಂತು.

ಮೊದಲು ಕಾಯಿ ಒಡೆದರು. ಆಮೇಲೆ ದೀಪ ಹಚ್ಚಿ ಗಂಟೆ ಕಟ್ಟಿದರು. ಕುಡತಿನಿಯ ವಿದ್ಯುತ್ ಸ್ಥಾವರದ ಪಾಳಿಗೆ ಹೊರಟವರು ಬೈಕು ನಿಲ್ಲಿಸಿ ಕೈಮುಗಿದರು. ಸಿರಿಗೇರಿಯ ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ಬಂದರು. ಯಾರೋ ನೆರಳಿಗೆಂದು ಶಾಮಿಯಾನ ಕಟ್ಟಿಯೇಬಿಟ್ಟರು. ಮರಿಬಸಪ್ಪ ತನ್ನ ಮದುವೆಗೆ ತಾನೇ ಕರೆಯದೆ ಬಂದವನಂತೆ ಮೂಲೆಯಲ್ಲಿ ನಿಂತಿದ್ದ. ನೀರು ಕುಡಿಯಲು ಒಳಗೆ ಹೋಗೋಣವೆಂದು ಕಾಲೆತ್ತಿದ.

“ಏಯ್, ಕಾಲು ತೆಗಿ! ದೇವರನ್ನ ದಾಟ್ತೀಯೇನೋ?” ಎಂದು ಅಂಬಮ್ಮ ಅರಚಿದಳು.

“ನನ್ನ ಮನಿ ಅಕ್ಕ...”

“ದೇವರ ಮುಂದ ನಿಂದ್ಯಾವುದು, ನಂದ್ಯಾವುದು?”

ಅಷ್ಟರಲ್ಲಿ ಜೀಪು ಬಂತು. ರಶ್ಮಿ ಮೇಡಂ ಚಪ್ಪಲಿಗಳ ರಾಶಿ ದಾಟಿ, ಗುಂಪಿನಲ್ಲಿ ನುಸುಳಿ, ಮರಿಬಸಪ್ಪನ ಮುಂದೆ ನಿಂತರು.

“ಮರಿಬಸಪ್ಪ ಅಂದ್ರೆ ನೀವೇನ್ರಿ? ತಗೊಳ್ರಿ, ನಿಮ್ಮ ಅನುಮತಿ ಪತ್ರ. ಕಲ್ಲು ತೆಗೀಬಹುದು.”

“ನೋ... ನೋಡಂಗಿಲ್ಲೇನ್ರಿ ಮೇಡಂ?”

“ನೋಡಾಕೇನೈತ್ರಿ? ಅರ್ಜಿ ಜೊತಿಗೆ ನೀವೇ ಫೋಟೋ ಹಚ್ಚಿದ್ರಲ್ಲ. ತಾವರಿ ಚೊಲೋ ಕಾಣ್ತಿತ್ತು. ಆ ತಾವರಿ ಈ ಓಣ್ಯಾಗ ಅರ್ಧ ಮನಿಗಳ ಮೆಟ್ಟಿಲಿನ ಮ್ಯಾಲೆ ಐತಿ. ನಿಮ್ಮಜ್ಜನ ಕಾಲದ ಕೆಲಸ, ಗುಡಿಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ತಾಯಿ ಬರೋದು ತಡ ಆಗಬಾರದು ಅಂತ ಪತ್ರ ನಾನೇ ತಂದೀನಿ.”

ಹೇಳಿ, ಅವರೂ ಚಪ್ಪಲಿ ಬಿಟ್ಟು, ಕಲ್ಲಿಗೆ ಕೈಮುಗಿದು ಹೋದರು.

ಮರಿಬಸಪ್ಪ ಅಯ್ಯಣ್ಣನನ್ನು ನೋಡಿದ. ಅಯ್ಯಣ್ಣ ಆಕಾಶ ನೋಡಿದ. ಮರಿಬಸಪ್ಪ ಮಾರೇಶನತ್ತ ತಿರುಗಿ, “ಹಾರೆ ಹಾಕಪ್ಪ,” ಎಂದ. ಹಾರೆಗೆ ಆಗಲೇ ಕುಂಕುಮ ಹಚ್ಚಿ ದೇವರ ಪಕ್ಕಕ್ಕೆ ಆನಿಸಿದ್ದ ಮಾರೇಶ ಎರಡೂ ಕಿವಿ ಹಿಡಿದುಕೊಂಡ. “ಮಕ್ಕಳು ಮರಿ ಇದ್ದಾಂವ ನಾ, ಯಣ್ಣ. ನನ್ನ ಕೈಲಾಗಂಗಿಲ್ಲ.”

ಇನ್ನುಳಿದದ್ದು ಅವ್ವ. ಆಕೆ ಒಂದು ಮಾತು ಹೇಳಿದರೆ ಓಣಿ ಕೇಳೀತು. ಸಿರುಗುಪ್ಪಕ್ಕೆ ಫೋನು ಮಾಡಿದ.

“ನೋಡಿದೆನಪ್ಪ, ಅಂಬಮ್ಮ ವಿಡಿಯೋ ಕಳಿಸಿದ್ಲು!” ದಾಕ್ಷಾಯಣಮ್ಮನ ದನಿಯಲ್ಲಿ ಒಂದು ವರ್ಷದಿಂದ ಇರದ ಸಂತೋಷ. “ನಿಮ್ಮಪ್ಪ ದಿನಾ ಆ ಕಲ್ಲಿನ ಮ್ಯಾಲೆ ಕುಂತು ಸೂರ್ಯಗ ಕೈ ಮುಗೀತಿದ್ದ. ಅದಕ್ಕ ದೇವರು ಅಲ್ಲೇ ಬಂದು ಕುಂತಾನ.”

“ಅವ್ವ, ಕೇಳಿಲ್ಲಿ. ಅದು ಸುಳ್ಳು. ವಿಭೂತಿ ಹಚ್ಚಿದಾಂವ ನಾನೇ.”

ಆಕೆ ಮೆಲ್ಲಗೆ ಕೇಳಿದಳು: “ವಿಭೂತಿ ಹಚ್ಚಿದ ಮ್ಯಾಲೆ ಸುಳ್ಳು ಹೆಂಗಾಕ್ಕತಪ್ಪ?”

“ಅದನ್ನ ಕೀಳಲಿಲ್ಲ ಅಂದ್ರ ಸೋಮವಾರ ನೀ ಒಳಗ ಹೆಂಗ ಬರ್ತಿ?”

“ಬರಂಗಿಲ್ಲ. ದೇವರನ್ನ ದಾಟಿ ಬರಾಕ ನಾ ಏನು ಪಾಪಿ ಏನು? ನಿಮ್ಮಪ್ಪನ ದೀಪ ಇಲ್ಲೇ ಹಚ್ತೀನಿ. ನೀ ಹಾರೆ ಮುಟ್ಟಿದ್ರ ನನ್ನ ಆಣಿ ಐತಿ. ಅಲ್ಲಿ ನಂದಾದೀಪ ಆರದಂಗ ನೋಡ್ಕೋ, ಅಷ್ಟು ಸಾಕು.”

ಫೋನು ಕಟ್ಟಾಯಿತು. ಮರಿಬಸಪ್ಪ ಕಲ್ಲಿನತ್ತ ನೋಡಿದ. ದೀಪದ ಎಣ್ಣೆ ತಳ ಕಂಡಿತ್ತು. ಎಣ್ಣೆಯ ಡಬ್ಬಿ ಮನೆಯೊಳಗಿತ್ತು. ಅನುಮತಿ ಪತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು, ಪಂಚೆ ಎತ್ತಿ ಕಟ್ಟಿ, ಮೇಲಿಂದ ತನ್ನ ಮನೆಯೊಳಗೆ ಇಳಿಯಲೆಂದು ಅವನು ಅಯ್ಯಣ್ಣನ ಮಾಳಿಗೆಯ ಏಣಿ ಹತ್ತತೊಡಗಿದ.

“ಹುಷಾರಪ್ಪ,” ಎಂದು ಕೆಳಗಿನಿಂದ ಅಯ್ಯಣ್ಣ ಕೂಗಿದ, “ಸೊಂಟ ಮುರ್ಕೊಂಡೀ!”