ಕಾಶಿಗೆ ಹೋಗುವ ಗುಹೆಯಲ್ಲಿ ನಾನು

ಪುರಾಣಪ್ರಸಿದ್ಧ ಸ್ಥಳಗಳಿಗೆ ಹೋಗುವಾಗ ಬುದ್ಧಿಯನ್ನು ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. ನನ್ನ ಬುದ್ಧಿ ಅಂಥ ದೊಡ್ಡ ಭಾರವೇನಲ್ಲವೆಂದು ಹೊತ್ತುಕೊಂಡು ಹೋಗಿ ನಾನು ಕೆಟ್ಟೆ. ಐವತ್ತರ ದಶಕದ ಕೊನೆಯ ಮಾತು. ಪುತ್ತೂರಿನ ಶಾಲೆಯೊಂದರಲ್ಲಿ ಚರಿತ್ರೆ ಕಲಿಸುತ್ತಿದ್ದ ನನಗೆ ಆಗಷ್ಟೇ ಮದುವೆಯಾಗಿತ್ತು. ಹೆಂಡತಿ ಸಾವಿತ್ರಿಯ ಅಣ್ಣ, ಐವರ್ನಾಡಿನ ಶಂಕರ ಭಾವ, ನಮ್ಮಿಬ್ಬರನ್ನು ಕಡಲ ಬದಿಯ ಗುಹೆಯೊಂದನ್ನು ತೋರಿಸಲು ಕರೆದೊಯ್ದರು. ಪಾಂಡವರು ಅದರೊಳಗೆ ಹೊಕ್ಕು ಕಾಶಿಯಲ್ಲಿ ಹೊರಬಂದರಂತೆ. ಮಂಗಳೂರು ಬಸ್ಸಿನಲ್ಲಿ ನಿಂತುಕೊಂಡೇ ಬಂದ ನನಗೆ ಪಾಂಡವರ ಮೇಲೆ ಹೊಟ್ಟೆಕಿಚ್ಚಾಯಿತು.

ಬಸ್ಸಿಳಿದ ಮೇಲೆ ಭಾವ ಒಂದು ಕಲ್ಲನ್ನೂ ಸುಮ್ಮನೆ ಬಿಡಲಿಲ್ಲ. ಗುಂಡಿ ಕಂಡರೆ ಭೀಮನ ಹೆಜ್ಜೆ, ಬಂಡೆ ಕಂಡರೆ ದ್ರೌಪದಿ ಅರೆದ ಕಲ್ಲು. ಕುಸಿದ ಕೋಟೆಗೋಡೆಯ ಹತ್ತಿರ, "ರಾಣಿ ಕುದುರೆ ಕಟ್ಟುತ್ತಿದ್ದದ್ದು ಇಲ್ಲಿಯೇ" ಎಂದರು. ಯಾವ ರಾಣಿ ಎಂದು ಕೇಳಿದೆ. "ಕುದುರೆ ಇದ್ದ ರಾಣಿ" ಎಂದರು.

ಗುಹೆಯ ಬಾಯಿಗೆ ಬರುವಷ್ಟರಲ್ಲಿ ನನ್ನ ತಾಳ್ಮೆ ಮುಗಿದಿತ್ತು. "ಇದು ನಾಲ್ಕು ಮಾರಿಗೇ ಮುಗಿಯುತ್ತದೆ ಭಾವ. ನಾನೇ ಹೋಗಿ ನೋಡಿ ಬರ್ತೇನೆ."

"ಬೇಡ ಮಾರಾಯ್ರೆ, ಒಳಗೆ ಇಕ್ಕಟ್ಟು ಉಂಟು. ಹೆಚ್ಚುಕಮ್ಮಿ ಆದರೆ ಅಪ್ಪನ ಹತ್ತಿರ ನಾನು ಎಂತ ಹೇಳುದು?"

"ಹೋಗಲಿ ಬಿಡಣ್ಣ, ಹೇಳಿದರೆ ಕೇಳುವ ಜನ ಅಲ್ಲ ಇವರು" ಎಂದಳು ಸಾವಿತ್ರಿ.

ಟಾರ್ಚು ಹಿಡಿದು ತೆವಳಿದೆ. ನಾನೆಣಿಸಿದಂತೆಯೇ ಎದುರಿಗೆ ಬಂಡೆಗೋಡೆ! "ಕಾಶಿಯೂ ಇಲ್ಲ, ಮಣ್ಣೂ ಇಲ್ಲ!" ಎಂದು ವಿಜಯಘೋಷ ಮಾಡಿ ಹಿಂದಕ್ಕೆ ಸರಿದರೆ ಸೊಂಟ ಅಲ್ಲಾಡಲಿಲ್ಲ. ಹೊಸ ಮದುವೆಯ ಔತಣಗಳೆಲ್ಲ ಅಲ್ಲಿ ಒಟ್ಟಾಗಿ ಅಡ್ಡ ನಿಂತಿದ್ದವು. ಅಷ್ಟರಲ್ಲಿ ಕಾಲಿಗೆ ತಣ್ಣಗೆ ನೀರು ತಾಗಿತು. "ಅಯ್ಯೋ ಅಣ್ಣ, ಕಡಲಿನ ಭರತ ಏರ್ತಾ ಉಂಟು!" ಎಂದು ಸಾವಿತ್ರಿ ಕೂಗಿದ್ದು ಕೇಳಿಸಿತು. ಚರಿತ್ರೆಯ ಮೇಷ್ಟ್ರು ಆಗ ಯಾವ ದಾಖಲೆಯನ್ನೂ ಕೇಳದೆ ಐವರು ಪಾಂಡವರನ್ನೂ ಹೆಸರು ಹಿಡಿದು ಕರೆದರು.

ಬಂದವರು ಇಬ್ಬರು ಮೀನುಗಾರರು. ಗುಹೆಯಲ್ಲಿ ದೀಪ ಹಚ್ಚಲು ತಂದಿದ್ದ ಎಣ್ಣೆಯನ್ನು ಸಾವಿತ್ರಿ ನನ್ನ ಸೊಂಟಕ್ಕೆ ಸುರಿದಳು. ಅವರು ಒಂದೊಂದು ಕಾಲು ಹಿಡಿದು ಎಳೆದರು. ನಾನು ಹೊರಬಂದೆ, ಅಂಗಿ ಒಳಗೇ ಉಳಿಯಿತು. ಭಾವ ತಮ್ಮ ಶಾಲು ಹೊದಿಸಿ, "ಭೀಮನೂ ಇಲ್ಲಿಯೇ ಸಿಕ್ಕಿಬಿದ್ದದ್ದಂತೆ ಭಾವ" ಎಂದು ಸಮಾಧಾನ ಮಾಡಿದರು.

ಕೆಲವು ವರ್ಷಗಳ ಮೇಲೆ ಸಹೋದ್ಯೋಗಿಯೊಬ್ಬರ ಜೊತೆ ಮತ್ತೆ ಅಲ್ಲಿಗೆ ಹೋದೆ. ಗುಹೆಯೆದುರು ಎಳನೀರು ಮಾರುವ ಅಜ್ಜ ಹೇಳತೊಡಗಿದರು: "ಪುತ್ತೂರಿನ ಮಾಸ್ಟ್ರು ಒಬ್ಬರು ಒಳಗೆ ಹೋಗಿ ಮೂರು ದಿನ ಬರ್ಲಿಲ್ಲ. ಅವರಿಗೆ ಕಾಶಿಯ ಗಂಟೆ ಕೇಳಿದೆಯಂತೆ."

ನನಗೆ ತಡೆಯಲಾಗಲಿಲ್ಲ. "ಮೂರು ದಿನ ಎಲ್ಲಿ? ಅರ್ಧ ಗಂಟೆ! ಗಂಟೆ ಕೇಳಿದ್ದೂ ಸುಳ್ಳು."

"ನಿಮಗೆ ಹೇಗೆ ಗೊತ್ತು? ನೀವು ಒಳಗೆ ಇದ್ದಿರಾ?"

ಸಹೋದ್ಯೋಗಿ ನನ್ನತ್ತ ತಿರುಗಿದರು.

"ಇಲ್ಲ, ಎಲ್ಲೋ ಪುಸ್ತಕದಲ್ಲಿ ಓದಿದ್ದು" ಎಂದೆ.